ಹುಲ್ಲಿನ ಕಲೆ

ಆಗಸ್ಟ್ ಮುಗಿಯುವ ಮೊದಲೇ ವೆಂಡೆಲ್
ಟೈರಂಗಡಿಯ ಗೋಡೆಗೆ ಪಟ್ಟಿ ಅಂಟಿಸಿದ್ದಾನೆ:
ನಮ್ಮ ಕಾನ್ಫರೆನ್ಸಿನ ಒಂಬತ್ತು ಕಾಲೇಜು,
ಯಾರು ಮೇಲಕ್ಕೆ, ಯಾರು ತಳಕ್ಕೆ.
ನಮ್ಮದನ್ನು ಏಳನೆಯದೆಂದು ಬರೆದಿದ್ದಾನೆ,
ನನಗೆ ಹೆದರಿ, ಪೆನ್ಸಿಲ್ಲಿನಲ್ಲಿ.

ಪೇಪರು ಓದಿ ಹೇಳುವವನು ನೀನು, ವೆಂಡೆಲ್.
ಇಪ್ಪತ್ತೆರಡು ವರ್ಷ ಜೆರ್ಸಿ ಒಗೆದು
ಹೇಳುವವಳು ನಾನು.

ಕಲೆ ಸುಳ್ಳಾಡುವುದಿಲ್ಲ.
ಕ್ವಾರ್ಟರ್‌ಬ್ಯಾಕಿನ ಬೆನ್ನು ಹಸಿರಾಗಿ ಬಂದರೆ
ಅವನನ್ನು ಕಾಯಬೇಕಾದ ಐದು ಜನ
ನಿಂತಲ್ಲೇ ತೂಕಡಿಸಿದ್ದಾರೆಂದು ಅರ್ಥ.
ಎದೆ ಹಸಿರಾದರೆ, ಹುಡುಗ
ಕೊನೆಯ ಒಂದು ಗಜಕ್ಕಾಗಿ ತಾನೇ ನುಗ್ಗಿ ಬೋರಲು ಬಿದ್ದಿದ್ದಾನೆ.
ಹೋದ ವರ್ಷ ಹನ್ನೊಂದು ಶನಿವಾರ
ನಾನು ತಿಕ್ಕಿದ್ದು ಬರೀ ಬೆನ್ನು.

ಈ ಸಲ ಎಡಗಡೆ ಒಬ್ಬ ಹೊಸಬ, ಸಿಯೋನೆ,
ಯೂಟಾದಿಂದ ಬಂದವನು, ಬಾಗಿಲಿಗೆ ಅಡ್ಡ ನಿಂತರೆ
ಕೋಣೆಯಲ್ಲಿ ಸಂಜೆಯಾಗುತ್ತದೆ.
ಅವನ ಅಭ್ಯಾಸದ ಅಂಗಿ ನೋಡಿದೆ:
ಭುಜದ ಹೊಲಿಗೆ ಎರಡೂ ಕಡೆ ಬಿಟ್ಟಿತ್ತು.
ಒಳ್ಳೆಯ ಲಕ್ಷಣ.

ಹೊಸ ಕೋಚು ಮಾತೆತ್ತಿದರೆ ಸಂಸ್ಕೃತಿ ಎನ್ನುತ್ತಾನೆ.
ಕೂಸು ಹುಟ್ಟುವ ಮೊದಲೇ ಕುಲಾವಿ:
ಕಾಲೇಜಿನ ಅಂಗಡಿಯಲ್ಲಿ ಚಾಂಪಿಯನ್ ಎಂದು ಬರೆದ ಟೋಪಿ
ಹದಿನೆಂಟು ಡಾಲರಿಗೆ ಒಂದು.
ನೀನು ಎರಡು ಕೊಂಡಿದ್ದೀ, ನೋಡಿದ್ದೇನೆ.

ಮತ್ತೆ ಟ್ರೇವಿಯನ್ ಮಾಬ್ರಿಯ ವಿಷಯ.
ನಮ್ಮನ್ನು ಬಿಟ್ಟು ಬ್ರಾಂಟ್ ಕಾಲೇಜಿಗೆ ಹೋದ, ದ್ರೋಹಿ,
ಅಂತ ಊರೆಲ್ಲ ಹಲ್ಲು ಕಡಿಯುತ್ತಿದೆ.
ಅಲ್ಲಿ ಅವನಿಗೆ ಪೂರ್ತಿ ಫೀಸು ಕೊಟ್ಟರು, ಇಲ್ಲಿ ಅರ್ಧ.
ಎಂಬತ್ತು ಹುಡುಗರಲ್ಲಿ ಕಾಲುಚೀಲ ಸರಿಯಾಗಿ ತಿರುವಿ
ಬುಟ್ಟಿಗೆ ಹಾಕುತ್ತಿದ್ದವನು ಅವನೊಬ್ಬನೇ.
ಅಕ್ಟೋಬರಿನಲ್ಲಿ ಅವರ ಬಣ್ಣ ತೊಟ್ಟು ಇಲ್ಲಿಗೆ ಬಂದಾಗ
ನೀವೆಲ್ಲ ಕೂಗಿಕೊಳ್ಳಿ.
ನಾನು ಎದ್ದು ಒಂದು ಚಪ್ಪಾಳೆ ತಟ್ಟಿ ಕೂರುತ್ತೇನೆ.
ಆಮೇಲೆ ಅವನು ಸೋಲಲಿ.

ಕಿಕ್ಕರ್ ಪೀಟರ್‌ನ ಪ್ಯಾಂಟು ಮದುವೆ ಗಂಡಿನದರಂತೆ ಬಿಳಿ.
ಒಂದು ಚುಕ್ಕೆ ಇಲ್ಲ, ಎರಡು ವರ್ಷದಿಂದ.
ಇಪ್ಪತ್ತೇಳು ಗಜದಿಂದ ತಪ್ಪಿಸಿದನಲ್ಲ, ಆ ರಾತ್ರಿ
ಅವನ ಅಂಗಿಯ ತೋಳು ಮಾತ್ರ ಮುದ್ದೆಯಾಗಿ ಒದ್ದೆ.
ಅಂದು ಮಳೆ ಬಂದಿರಲಿಲ್ಲ.
ಇದನ್ನು ಯಾರಿಗೂ ಹೇಳಿಲ್ಲ, ನೀನೂ ಹೇಳಬೇಡ.
ಅವನನ್ನು ಬದಲಾಯಿಸಬೇಕು ಅಂತೀಯಲ್ಲ,
ಬೇಡ.

ಟೆಕ್ಸಸ್ಸಿನ ಹೊಸ ಕಾಲೇಜೊಂದು ಸೇರಿದೆ,
ಬಸ್ಸಿನಲ್ಲಿ ಒಂಬತ್ತು ತಾಸು, ಯಾರಿಗೆ ಬೇಕಿತ್ತೋ.
ಅಲ್ಲಿನ ನೆಲ ಕೆಂಪು.
ಕೆಮ್ಮಣ್ಣಿನ ಕಲೆಗೆ ತಣ್ಣೀರು, ವಿನೆಗರ್, ಮತ್ತೆ ತಣ್ಣೀರು;
ಒಮ್ಮೆ ಬಿಸಿ ತಗುಲಿತೋ, ಜನ್ಮಕ್ಕೂ ಹೋಗದು.
ವಿಚಿಟಾದ ಕಂಪನಿಯವರಿಗೆ ಇದನ್ನು ಯಾರಾದರೂ ಹೇಳಿದ್ದಾರಾ?

ಹೌದು, ಕಂಪನಿ. ಈ ತಿಂಗಳಿಂದ
ಬಟ್ಟೆ ಲಾರಿಯಲ್ಲಿ ಹೋಗಿ ಲಾರಿಯಲ್ಲೇ ಬರುತ್ತದೆ,
ಮಡಚಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ.
ನನಗೆ ಒಂದು ಗಡಿಯಾರ ಕೊಟ್ಟರು,
ಹದಿನಾಲ್ಕನೇ ಸಾಲಿನಲ್ಲಿ ಒಂದು ಸೀಟು ಕೊಟ್ಟರು.
ಇಷ್ಟು ವರ್ಷ ಆಟದ ದಿನ ನಾನು ನೆಲಮಾಳಿಗೆಯಲ್ಲಿ
ರೇಡಿಯೋ ಹಚ್ಚಿ ಟವೆಲು ಎಣಿಸುತ್ತಿದ್ದವಳು.
ಕಣ್ಣಾರೆ ಪೂರ್ತಿ ಆಟ ಒಂದನ್ನೂ ನೋಡಿಲ್ಲ, ವೆಂಡೆಲ್.
ಚೆಂಡು ಯಾರ ಕೈಲಿದೆ ಅಂತ ಅಷ್ಟು ದೂರದಿಂದ
ನಿಮಗೆಲ್ಲ ಹೇಗೆ ಗೊತ್ತಾಗುತ್ತದೆ?

ನೋಡುವವರು ಚೆಂಡು ನೋಡಿಕೊಳ್ಳಲಿ.
ಗಂಡನ ಹಳೇ ದುರ್ಬೀನು ತರುತ್ತೇನೆ,
ಹುಡುಗರು ಬಿದ್ದು ಏಳುವಾಗ ಬೆನ್ನು ನೋಡುತ್ತೇನೆ.

ನಾಲ್ಕನೆಯ ಸ್ಥಾನ. ಬರೆದುಕೋ.
ಮೂರು ಅಂತಲೂ ಹೇಳಬಹುದು, ಸಿಯೋನೆಯ ಮೊಣಕಾಲು ತಡೆದರೆ.
ಪೆನ್ನು ಕೊಡು ಇಲ್ಲಿ.
ಬೇಡ, ಪೆನ್ಸಿಲ್ಲೇ ಇರಲಿ.
ಶಾಯಿಯ ಕಲೆ ಒಂದನ್ನು ಮಾತ್ರ
ನಾನು ಯಾವತ್ತೂ ತೆಗೆಯಲಾಗಲಿಲ್ಲ.