ಒಂಟಿ ಜೋಡು

ತಾರ್ತುವಿನಲ್ಲಿ ಜೋಡು ಹೊಲಿಯುವ ಎಂಡೆಲ್‌ನ ಕಿಟಕಿಗೆ
ಹೋದ ಚಳಿಗಾಲ ಆರ್ಕಿಡ್ಡು ಬಿಟ್ಟದ್ದು ಜೋಡಿಯಿಲ್ಲದ್ದು ಒಂದು:
ಕಂದು ಚುಕ್ಕೆ, ಹಸಿರು ಗೀರು, ಮೆರುಗೆಣ್ಣೆ ತಿಕ್ಕಿದ ಮೂತಿ.
‘ಇನ್ನೊಂದೆಲ್ಲಿ?’ ಎನ್ನದ ಗಿರಾಕಿಯಿಲ್ಲ.

ಮೂರು ತಿಂಗಳಿಗೆ ಕಳಚಿ ಬಿತ್ತು.
ಅದೇ ಎಲೆಗಳ ಸಂದಿಯಲ್ಲಿ
ದಿನಾ ಟಾರ್ಚು ಬಿಟ್ಟು ಇಣುಕಿದ. ಏನಿಲ್ಲ.

ಬ್ರೆಡ್ಡಿನಂಗಡಿಯ ವೈಕೆ ನಕ್ಕಳು:
‘ಹೂ ಕೊಟ್ಟ ಸುಳಿ ಮತ್ತೆ ಕೊಡದು.
ಬುಡ ನೋಡು.’

ತೊಗಟೆಚೂರು ಸರಿಸಿದರೆ
ಉಗುರಿನಷ್ಟು ಹೊಸ ಮೊಳಕೆ, ಓರೆಯಾಗಿ.

‘ಹಳೇದನ್ನು ಕೊಯ್ದುಬಿಡಲೇ?’
‘ಕೊಯ್ದೀಯೆ! ಅದನ್ನುಂಡೇ ಇದು ದೊಡ್ಡದಾಗಬೇಕು.’

ಕತ್ತರಿ ಕೆಳಗಿಟ್ಟ.
ಸವೆದ ಅಟ್ಟೆಯೊಂದನ್ನು ತೊಡೆಗೆಳೆದುಕೊಂಡ.
ಎರಡು ವರ್ಷವಾದೀತು, ಅಂದಿದ್ದಾಳೆ ವೈಕೆ.

ಹೋದದ್ದು ಎಡಗಾಲಿನದು, ಅವನ ಲೆಕ್ಕದಲ್ಲಿ.
ಬರುವುದು ಯಾವ ಕಾಲಿನದೋ,
ನೋಡಬೇಕು.