ಬಲ್ಲಾರಟ್‌ನ ಮಲಗುವ ಕೋಣೆ

ಬಣ್ಣದಂಗಡಿಯ ಚೀಟಿಯಲ್ಲಿ ಹದಿನಾರು ಬಿಳಿ.
ತಿಪ್ಪೇಶ ಬೆರಳಿಟ್ಟದ್ದು ಮಜ್ಜಿಗೆಯ ಬಿಳಿಗೆ,
ನಾನು ಸುಣ್ಣದ್ದಕ್ಕೆ.
ಜಗಳಾಡಿ ಕೊನೆಗೆ ಬಳಿದದ್ದು ಬೂದಿ.

ನನ್ನದು ಆಸ್ಪತ್ರೆಯ ರಾತ್ರಿಪಾಳಿ,
ಅವನದು ಬೆಳಗಿನ ಮೊದಲ ಬಸ್ಸು.
ಅದಕ್ಕೇ ಈ ದಪ್ಪ ಪರದೆ, ಕಪ್ಪು ಅಸ್ತರಿನದು,
ಮಧ್ಯಾಹ್ನವನ್ನೇ ಬಾಗಿಲಾಚೆ ನಿಲ್ಲಿಸುವಂಥದ್ದು.
ಮ್ಯಾಗ್‌ಪೈ ಹಕ್ಕಿಗೆ ಮಾತ್ರ
ಯಾವ ಬಟ್ಟೆಯೂ ಅಡ್ಡವಿಲ್ಲ.

ಮಂಚದ ಎರಡೂ ಬದಿಗೆ
ಹಿತ್ತಾಳೆ ಕಾಲಿನ ಜೋಡಿ ದೀಪ.
ಅವು ಒಟ್ಟಿಗೆ ಉರಿದದ್ದು ಒಮ್ಮೆ,
ಅಂಗಡಿಯಲ್ಲಿ, ಪರೀಕ್ಷೆಗೆಂದು.

ಏಳೂವರೆಗೆ ಬೂಟು ಬಿಚ್ಚಿ ಒಳಗೆ ಬರುತ್ತೇನೆ.
ಹೊದಿಕೆಯ ಅರ್ಧ ನೀಟಾಗಿ ಮಡಿಸಿದೆ,
ಅರ್ಧ ನನಗೆಂದು ತೆರೆದಿದೆ.
ಕರೆಂಟು ಬಿಲ್ಲಿಗೆ ಲಬೋ ಲಬೋ ಎನ್ನುವ ಮನುಷ್ಯ
ನನ್ನ ಕಡೆಯ ದೀಪ
ಹಚ್ಚಿಟ್ಟು ಹೋಗಿದ್ದಾನೆ.

ಆರಿಸುವುದಿಲ್ಲ.
ಅವನ ಕಡೆಗೇ ಉರುಳಿ ಮಲಗುತ್ತೇನೆ.