ಇವನಲ್ಲ

ಮೊದಲೆರಡು ಕೂಸು ನಿಲ್ಲಲಿಲ್ಲವೆಂದು
ಮೂರನೆಯವನಿಗೆ ಅಜ್ಜಿ ಇಟ್ಟ ಹೆಸರು ಎನೆಬಿಷ್.
ನಮ್ಮ ಮಾತಿನಲ್ಲಿ ‘ಇವನಲ್ಲ’ ಎಂದರ್ಥ.
ಹುಡುಕಿಕೊಂಡು ಬಂದ ಪೀಡೆ ಹೆಸರು ಕೇಳಿ
ದಾರಿ ತಪ್ಪಿತೆಂದುಕೊಂಡು ಪಕ್ಕದ ಗುಡಾರಕ್ಕೆ ಹೋಗಲಿ ಎಂದು.
ಪಕ್ಕದ ಗುಡಾರದಲ್ಲಿ ಯಾರಿದ್ದರೋ, ಕೇಳಿದವರಿಲ್ಲ.

ನಾಲ್ಕು ಚಳಿಗಾಲ ಕೆಮ್ಮಿದ.
ಉಲಾನ್‌ಬಾತರಿನ ಕಲ್ಲಿದ್ದಲ ಹೊಗೆ,
ಇಲ್ಲಿ ಎಲ್ಲ ಮಕ್ಕಳೂ ಕೆಮ್ಮುತ್ತಾರೆ, ಅಂದರು.
ಸಿರಪ್ಪು ಕೊಟ್ಟರು. ಕುರಿಬಾಲದ ಕೊಬ್ಬು ಎದೆಗೆ ತಿಕ್ಕಿದೆವು.
ನೀರಿನ ಕ್ಯಾನು ಎಳೆದು ದಿಬ್ಬ ಹತ್ತುವಾಗ
ಮೂರು ಕಡೆ ಕೂರುತ್ತಿದ್ದ,
ಬೂಟಿನ ದಾರ ಬಿಚ್ಚಿದೆ ಎಂದು ಸುಳ್ಳು ಹೇಳಿ.
ಅವನ ಬೂಟಿಗೆ ದಾರವೇ ಇರಲಿಲ್ಲ.

ಡಾಕ್ಟರ್ ದುಲಾಮ್‌ಸುರೆನ್ ಔಷಧದ ರಸೀದಿ ಮಗುಚಿ
ಪೆನ್ಸಿಲಿನಲ್ಲಿ ಗೆರೆ ಎಳೆದರು:
ಮೇಲೆ ಎರಡು ಕೋಣೆ, ಕೆಳಗೆ ಎರಡು.
ಇವನಿಗೆ ಹುಟ್ಟುವಾಗಲೇ
ಎಡಗಡೆ ಮೇಲಿನ ಕೋಣೆಯೊಳಗೆ ಇನ್ನೊಂದು ತಡಿಕೆ,
ತಡಿಕೆಗೊಂದು ಸೂಜಿಗಣ್ಣು.
ಶ್ವಾಸಕೋಶದಿಂದ ಬಂದ ನೆತ್ತರೆಲ್ಲ
ಅಲ್ಲೇ ಸರದಿ ನಿಂತಿದೆ.
ಬಹಳ ಅಪರೂಪ, ಅಂದರು.
ಹೊಗಳಿದ ಹಾಗೆ ಕೇಳಿಸಿತು.

ಏಳು ಜನ ನಾವು, ಒಂದೇ ಸುತ್ತಿನ ಮನೆ.
ನಡುವೆ ಒಲೆ. ಜಗಳಕ್ಕೂ ನಿದ್ದೆಗೂ ಬೇರೆ ಕೋಣೆಯಿಲ್ಲ.
ಗೋಡೆ ಕಟ್ಟುವುದನ್ನು
ಇವನು ಎಲ್ಲಿ ಕಲಿತ?

ಬೆಳಿಗ್ಗೆ ಎಂಟಕ್ಕೆ ಒಳಗೆ ಕರೆದೊಯ್ದರು.
ಎದೆಮೂಳೆ ಸೀಳುತ್ತಾರೆ, ಬಡಿತವನ್ನು ತಣ್ಣಗೆ ಮಲಗಿಸುತ್ತಾರೆ,
ಉಸಿರನ್ನೂ ನೆತ್ತರನ್ನೂ ಯಂತ್ರವೊಂದರ ಕೈಗಿಡುತ್ತಾರೆ.
ಎಲ್ಲ ಹೇಳಿದ್ದರು, ಸಹಿಯೂ ಹಾಕಿದ್ದೆ.
ಹಜಾರದಲ್ಲಿ ಕೂತು ನನಗೆ ಗೊತ್ತಿರುವ ಲೆಕ್ಕ ಹಾಕಿದೆ:
ಗುಡಾರ ಬಿಚ್ಚಲು ಒಂದು ಗಂಟೆ, ಕಟ್ಟಲು ಎರಡು.
ಮೊದಲು ಹಗ್ಗ, ಆಮೇಲೆ ಉಣ್ಣೆಹಾಸು, ಕೊನೆಗೆ ಜಾಲರಿ.
ನಡುಗಂಬಗಳಿಗೆ ಮಾತ್ರ ಯಾರೂ ಒರಗುವಂತಿಲ್ಲ.
ಅದು ಅವರಿಗೆ ಗೊತ್ತಿರುತ್ತದೆ, ಅಲ್ಲವೇ?
ಅವರೂ ಗುಡಾರದಲ್ಲೇ ಹುಟ್ಟಿದವರು.

ಮಧ್ಯಾಹ್ನ ದಾಟಿ ದಾದಿ ಬಾಗಿಲಿಗೆ ಬಂದು ಕೂಗಿದಳು:
‘ಇವನಲ್ಲ’ನ ಕಡೆಯವರು ಯಾರು?
ಎದ್ದೆ. ಬಾಯಿ ಬರಲಿಲ್ಲ.
ಏಳು ವರ್ಷ ಕಾದುಕೊಂಡು ಬಂದ ಸುಳ್ಳು,
ಈಗ ಗಟ್ಟಿಯಾಗಿ ‘ನಾನು’ ಎಂದರೆ
ಯಾವುದಾದರೂ ಕಿವಿ ಕೇಳಿಸಿಕೊಂಡೀತು.
ಕೈ ಎತ್ತಿದೆ, ಅಷ್ಟೇ.

ಕತ್ತರಿಸಿದ್ದನ್ನು ಗಾಜಿನ ಬಟ್ಟಲಲ್ಲಿ ತೋರಿಸಿದರು:
ಹೆಬ್ಬೆರಳ ಉಗುರಿನಷ್ಟು,
ಆರಿದ ಹಾಲಿನ ಮೇಲಿನ ಕೆನೆ.
ಇಷ್ಟಕ್ಕೆ.

ಹನ್ನೆರಡನೆಯ ದಿನ ಮನೆಯ ದಿಬ್ಬದ ಬುಡದಲ್ಲಿ
ಅಭ್ಯಾಸಬಲದಿಂದ ಬಗ್ಗಿದ,
ಇಲ್ಲದ ದಾರಕ್ಕೆ ಕೈ ಹಾಕಿದ.
ಸ್ವಲ್ಪ ಹೊತ್ತು ಹಾಗೇ ಇದ್ದ.
ಆಮೇಲೆ ಏನನ್ನೋ ಮರೆತವನಂತೆ ಎದ್ದು
ನನಗಿಂತ ಮುಂದೆ ನಡೆದ.